ಅಮ್ಮನಿಗೆ ಕಣ್ಣೀರು, ಮಗಳಿಗೆ ಸಿಟ್ಟು: 'ಲವ್ ಆಕ್ಚುಯಲಿ' ನೋಡಿದವರು ಯಾಕೆ ಜಗಳ ಆಡುತ್ತಾರೆ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗಳು ಕ್ರಿಸ್‌ಮಸ್ ರಜೆಗೆ ಶಿವಮೊಗ್ಗಕ್ಕೆ ಬಂದಿದ್ದಳು. ಇಬ್ಬರೂ ಕೂತು 2003ರ ಬ್ರಿಟಿಷ್ ಸಿನಿಮಾ 'ಲವ್ ಆಕ್ಚುಯಲಿ' ನೋಡಿದೆವು. ನನಗೆ ತುಂಬಾ ಹಿಡಿಸಿತು, ಒಂದು ಕಡೆ ಅತ್ತೇಬಿಟ್ಟೆ. ಮಗಳಿಗೆ ಮಾತ್ರ ಸಿಟ್ಟು ಬಂತು. ಸ್ನೇಹಿತನ ಹೆಂಡತಿಯ ಮನೆ ಬಾಗಿಲಲ್ಲಿ ಕಾರ್ಡು ಹಿಡಿದು ನಿಲ್ಲುವ ದೃಶ್ಯ ಬಂದಾಗ, "ಇದು ಪ್ರೀತಿ ಅಲ್ಲಮ್ಮಾ, ಕಾಟ" ಅಂದಳು. ಆಮೇಲೆ ನೋಡುಗರ ಅಭಿಪ್ರಾಯ ಹುಡುಕಿದೆ. ಪ್ರತಿ ಡಿಸೆಂಬರಿನಲ್ಲೂ ತಪ್ಪದೆ ನೋಡುವವರಿದ್ದಾರೆ. ಇಷ್ಟು ಕೆಟ್ಟ ಪ್ರೇಮ ಸಿನಿಮಾ ಇನ್ನೊಂದಿಲ್ಲ ಅನ್ನುವವರೂ ಇದ್ದಾರೆ. ಯಾರನ್ನು ನಂಬುವುದು? ನನ್ನ ಅಭಿರುಚಿ ಹಳತಾಯಿತಾ? ಇನ್ನೊಂದು ಮಾತು: ಇದನ್ನು ನಮ್ಮ ಅತ್ತೆಯವರ ಜೊತೆ, ತಂಗಿಯ ಮಕ್ಕಳ ಜೊತೆ ಕೂತು ನೋಡಬಹುದಾ?

ಉತ್ತರ:

ನೀವು ಎಲ್ಲಿ ಅತ್ತಿರಿ ಅಂತ ಬರೆದಿಲ್ಲ. ಆದರೂ ಊಹಿಸಬಲ್ಲೆ. ಎಮ್ಮಾ ಥಾಮ್ಸನ್ ಮಾಡಿದ ಕ್ಯಾರೆನ್, ಮಲಗುವ ಕೋಣೆಗೆ ಹೋಗಿ ಒಬ್ಬಳೇ ನಿಲ್ಲುವ ಜಾಗ, ಅಲ್ವಾ? ಈ ಸಿನಿಮಾದ ಮಾತು ಬಂದಾಗ, ಮದುವೆಯಾಗಿ ಸಾಕಷ್ಟು ವರ್ಷ ಕಳೆದ ಹೆಂಗಸರು ನನ್ನ ಹತ್ತಿರ ಮೊದಲು ಹೇಳುವುದು ಅದನ್ನೇ. ಇಪ್ಪತ್ತರ ಆಸುಪಾಸಿನ ಹುಡುಗಿಯರು ಮೊದಲು ಎತ್ತುವುದು ಕಾರ್ಡಿನ ದೃಶ್ಯವನ್ನು. ನೀವಿಬ್ಬರೂ ಒಂದೇ ಸೋಫಾದಲ್ಲಿ ಕೂತು ಎರಡು ಬೇರೆ ಬೇರೆ ಸಿನಿಮಾ ನೋಡಿದ್ದೀರಿ. ಈ ಸಿನಿಮಾವನ್ನು ಕಟ್ಟಿರುವುದೇ ಹಾಗೆ.

ಒಟ್ಟು 135 ನಿಮಿಷ. ಅದರಲ್ಲಿ ಒಂಬತ್ತೋ ಹತ್ತೋ ಕಥೆಗಳು, ಎಣಿಸುವವರ ಲೆಕ್ಕದ ಮೇಲೆ. ಪಾಲು ಹಾಕಿದರೆ ಒಂದೊಂದು ಕಥೆಗೆ ಸಿಗುವುದು ಸುಮಾರು ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಒಂದು ಪ್ರೀತಿ ಹುಟ್ಟಬೇಕು, ಅಡ್ಡಿ ಬರಬೇಕು, ಮುಗಿಯಬೇಕು. ಬರೆದು ನಿರ್ದೇಶಿಸಿದವರು ರಿಚರ್ಡ್ ಕರ್ಟಿಸ್. ಅದಕ್ಕೂ ಮೊದಲು ಅವರು ಬರೆದಿದ್ದ 'ಫೋರ್ ವೆಡ್ಡಿಂಗ್ಸ್ ಅಂಡ್ ಎ ಫ್ಯೂನರಲ್' (1994), 'ನಾಟಿಂಗ್ ಹಿಲ್' (1999) ಎರಡೂ ಒಂದೊಂದು ಜೋಡಿಯ ಹಿಂದೆ ಕೊನೆವರೆಗೂ ಹೋಗುವ ಸಿನಿಮಾಗಳು. ಅವನ್ನು ನಿರ್ದೇಶಿಸಿದವರು ಬೇರೆಯವರು. 'ಲವ್ ಆಕ್ಚುಯಲಿ' ಕರ್ಟಿಸ್ ಮೊದಲ ಬಾರಿ ತಾವೇ ನಿರ್ದೇಶನಕ್ಕೆ ಇಳಿದ ಸಿನಿಮಾ. ಹತ್ತು ಸಿನಿಮಾಗೆ ಆಗುವಷ್ಟು ಕಥೆಯನ್ನು ಅವರು ಒಂದರಲ್ಲೇ ತುಂಬಿದರು. ತುಂಬಬೇಕಾದರೆ ಏನನ್ನಾದರೂ ಬಿಡಲೇಬೇಕು. ಅವರು ಬಿಟ್ಟಿದ್ದು ನಡುವಿನ ಭಾಗವನ್ನು. ಇಬ್ಬರು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುವ, ಮಾತಾಡುವ, ಮುನಿಸಿಕೊಳ್ಳುವ ಭಾಗ. ಮೊದಲ ನೋಟ ಇದೆ, ಕೊನೆಯ ಓಟ ಇದೆ, ನಡುವೆ ಖಾಲಿ. ಆ ಖಾಲಿ ಜಾಗವನ್ನು ನೋಡುವವರು ತಮ್ಮ ಬದುಕಿನಿಂದ ತುಂಬಿಕೊಳ್ಳಬೇಕು. ನೀವು ನಿಮ್ಮ ಬದುಕಿನಿಂದ ತುಂಬಿದಿರಿ, ಮಗಳು ತನ್ನದರಿಂದ.

ಈಗ ಅಂಕಿಗಳ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅಭಿಪ್ರಾಯ ಹುಡುಕುವವರು ಹೆಚ್ಚು ದಾರಿ ತಪ್ಪುವುದು ಅಲ್ಲೇ. ವಿಮರ್ಶೆಗಳನ್ನು ಒಟ್ಟು ಹಾಕುವ ರಾಟನ್ ಟೊಮೇಟೋಸ್‌ನಲ್ಲಿ ಈ ಸಿನಿಮಾಗೆ ನೂರಕ್ಕೆ ಅರವತ್ತರ ಮೇಲಿನ ಅಂಕಿ ಕಾಣುತ್ತದೆ. ಅದನ್ನು ಪರೀಕ್ಷೆಯ ಅಂಕದ ಹಾಗೆ ಓದಬೇಡಿ. ನೂರು ವಿಮರ್ಶಕರಲ್ಲಿ ಅರವತ್ತಕ್ಕೂ ಜಾಸ್ತಿ ಜನ "ನೋಡಬಹುದು" ಅಂದರು ಅನ್ನುವುದಷ್ಟೇ ಅದರ ಅರ್ಥ. ಅವರು ಎಷ್ಟು ಮೆಚ್ಚಿದರು ಅನ್ನುವುದು ಅದರಲ್ಲಿ ಇಲ್ಲ. ಇನ್ನು ನೋಡುಗರು ಕೊಡುವ ಸ್ಟಾರುಗಳ ಸರಾಸರಿ. ಐದಕ್ಕೆ ಮೂರು ಅಂತ ಕಂಡರೆ ಸಾಧಾರಣ ಸಿನಿಮಾ ಅನ್ನಿಸುತ್ತದೆ. ಆದರೆ ಎಲ್ಲರೂ ಮೂರು ಕೊಟ್ಟರೂ ಸರಾಸರಿ ಮೂರೇ, ಅರ್ಧ ಜನ ಐದು ಕೊಟ್ಟು ಅರ್ಧ ಜನ ಒಂದು ಕೊಟ್ಟರೂ ಮೂರೇ. ಜನರನ್ನು ಎರಡು ಬಣ ಮಾಡುವ ಇಂಥ ಸಿನಿಮಾದ ಬಗ್ಗೆ ಸರಾಸರಿ ಏನನ್ನೂ ಹೇಳುವುದಿಲ್ಲ. ಈ ಒಡಕು ಬಿಡುಗಡೆಯ ಕಾಲದಿಂದಲೇ ಇದೆ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರೂವರೆ ಸ್ಟಾರ್ ಕೊಟ್ಟರು. ನ್ಯೂಯಾರ್ಕ್ ಟೈಮ್ಸ್‌ನ ಎ. ಓ. ಸ್ಕಾಟ್‌ಗೆ ಅದು ಹಿಡಿಸಲಿಲ್ಲ. 2013ರಲ್ಲಿ, ಸಿನಿಮಾಗೆ ಹತ್ತು ವರ್ಷ ತುಂಬಿದಾಗ, ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಕ್ರಿಸ್ಟಫರ್ ಓರ್ ಬರೆದ ಲೇಖನ ದೊಡ್ಡ ಗಲಾಟೆಯನ್ನೇ ಎಬ್ಬಿಸಿತು. ಇದರಷ್ಟು ಪ್ರೀತಿಯೇ ಇಲ್ಲದ ಪ್ರೇಮ ಸಿನಿಮಾ ಇಲ್ಲ ಅನ್ನುವುದು ಅವರ ವಾದ. ನಾನು ಈಗ ಹೇಳಿದ ಆ ಖಾಲಿ ನಡುಭಾಗದ ಮೇಲೇ ಅವರ ಕಣ್ಣು ಬಿದ್ದಿತ್ತು.

ಓರ್ ಹೇಳಿದ್ದರಲ್ಲಿ ನಿಜ ಇದೆ. ಆದರೆ ಅವರ ವಾದ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನಡುಭಾಗ ಯಾವ ಕಥೆಯಲ್ಲೂ ಇಲ್ಲ. ಹಾಗಿದ್ದರೆ ಕೆಲವು ಕಥೆಗಳನ್ನು ಕಟ್ಟಾ ವಿರೋಧಿಗಳೂ ಯಾಕೆ ಬಿಟ್ಟುಕೊಡುವುದಿಲ್ಲ? ಉಳಿದವನ್ನು ಅಭಿಮಾನಿಗಳೂ ಯಾಕೆ ಮುಜುಗರದಿಂದ ದಾಟಿಬಿಡುತ್ತಾರೆ?

ನನಗೆ ಕಾಣುವುದು ಇಷ್ಟು. ಪ್ರೀತಿಗೆ ಬೆಲೆ ಇದೆ, ಅದನ್ನು ಯಾರೋ ತೆರುತ್ತಿದ್ದಾರೆ ಅಂತ ಸಿನಿಮಾ ತೋರಿಸಿದ ಕಡೆಯೆಲ್ಲ ನೋಡುಗರು ಇವತ್ತಿಗೂ ಅದರ ಪರ ಇದ್ದಾರೆ. ಬೆಲೆಯನ್ನು ಮುಚ್ಚಿಟ್ಟ ಕಡೆ, ಅಥವಾ ಒಬ್ಬರ ಪ್ರೀತಿಯ ಬೆಲೆಯನ್ನು ಇನ್ನೊಬ್ಬರಿಂದ ತೆರಿಸಿದ ಕಡೆ, ಸಿಟ್ಟು ಏರುತ್ತಲೇ ಇದೆ.

ಕ್ಯಾರೆನ್ ಕಥೆ ತೆಗೆದುಕೊಳ್ಳಿ. ಗಂಡ ಹ್ಯಾರಿ, ಅಂದರೆ ಅಲನ್ ರಿಕ್‌ಮನ್, ಆಫೀಸಿನ ಹುಡುಗಿಗೆ ಚಿನ್ನದ ಸರ ಕೊಳ್ಳುತ್ತಾನೆ. ಕ್ಯಾರೆನ್ ಅವನ ಕೋಟಿನ ಜೇಬಿನಲ್ಲಿ ಅದನ್ನು ಕಂಡು, ತನಗೇ ತಂದದ್ದು ಅಂತ ಒಳಗೊಳಗೇ ಖುಷಿಪಡುತ್ತಾಳೆ. ಕ್ರಿಸ್‌ಮಸ್ ಹಬ್ಬದ ಹಿಂದಿನ ಸಂಜೆ ಉಡುಗೊರೆ ಬಿಚ್ಚಿದರೆ ಒಳಗೆ ಗಾಯಕಿ ಜೋನಿ ಮಿಚೆಲ್‌ರ ಸಿಡಿ. ಆಮೇಲೆ ಅವಳು ಮಾಡುವುದನ್ನು ಗಮನಿಸಿದಿರಾ? ಕೂಗಾಡುವುದಿಲ್ಲ, ಏನನ್ನೂ ಎಸೆಯುವುದಿಲ್ಲ. ಕೋಣೆಗೆ ಹೋಗುತ್ತಾಳೆ. ಅಳು ಬರುತ್ತದೆ. ಒರೆಸಿಕೊಳ್ಳುತ್ತಾಳೆ. ಹಾಸಿಗೆಯ ಮೇಲಿನ ಹೊದಿಕೆಯನ್ನು ಸರಿ ಮಾಡುತ್ತಾಳೆ. ಮುಖ ಸರಿ ಮಾಡಿಕೊಂಡು ಹೊರಗೆ ಬಂದು ಮಕ್ಕಳನ್ನು ಶಾಲೆಯ ನಾಟಕಕ್ಕೆ ಹೊರಡಿಸುತ್ತಾಳೆ. ಕ್ಯಾಮೆರಾ ಅವಳ ಮುಖಕ್ಕೆ ನುಗ್ಗುವುದಿಲ್ಲ, ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ಕರ್ಟಿಸ್ ಸಿನಿಮಾಗಳಲ್ಲಿ ಮಾತು ಜಾಸ್ತಿ. ಇಲ್ಲಿ ಮಾತೇ ಇಲ್ಲ. ಹೊದಿಕೆ ಸರಿ ಮಾಡುವ ಆ ಕೈಯೇ ಎಲ್ಲವನ್ನೂ ಹೇಳುತ್ತದೆ. ಮನಸ್ಸು ಒಡೆದಾಗಲೂ ಮನೆಯ ಕೆಲಸಕ್ಕೆ ಕೈ ಹೋಗುತ್ತದಲ್ಲ, ಅದು ಯಾವ ದೇಶದ ಹೆಂಗಸಿಗೂ ಗೊತ್ತು.

ಹಿನ್ನೆಲೆಯಲ್ಲಿ ಬರುವ 'ಬೋತ್ ಸೈಡ್ಸ್ ನೌ' ಹಾಡಿಗೂ ಒಂದು ಕಥೆ ಇದೆ. ಜೋನಿ ಮಿಚೆಲ್ ಅದನ್ನು ಬರೆದದ್ದು ಇಪ್ಪತ್ತರ ಹರೆಯದಲ್ಲಿ. 1969ರ ಆಲ್ಬಮ್ಮಿನಲ್ಲಿ ಎಳೆಯ, ಹಗುರ ದನಿಯಲ್ಲಿ ಹಾಡಿದ್ದರು. 2000ದಲ್ಲಿ, ಐವತ್ತು ದಾಟಿದ ಮೇಲೆ, ದೊಡ್ಡ ವಾದ್ಯವೃಂದದ ಜೊತೆ ಮತ್ತೆ ಹಾಡಿದರು. ಆಗ ದನಿ ತಗ್ಗಿತ್ತು, ಒರಟಾಗಿತ್ತು. ಸಿನಿಮಾದಲ್ಲಿರುವುದು ಈ ಎರಡನೆಯ ದನಿ. ಮೊದಲಿನದ್ದನ್ನು ಹಾಕಿದ್ದರೆ ದೃಶ್ಯ ಇಷ್ಟು ತೂಗುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಸಾಧ್ಯವಾದರೆ ಎರಡನ್ನೂ ಮಗಳ ಜೊತೆ ಕೂತು ಒಂದಾದ ಮೇಲೊಂದು ಕೇಳಿ. ಎಮ್ಮಾ ಥಾಮ್ಸನ್ ಕೂಡ, ಮಲಗುವ ಕೋಣೆಯಲ್ಲಿ ಅತ್ತು ಆಮೇಲೆ ನಗುನಗುತ್ತಾ ಹೊರಗೆ ಬರುವುದು ತಮಗೆ ಚೆನ್ನಾಗಿ ಅಭ್ಯಾಸವಾಗಿತ್ತು ಅಂತ ಮುಂದೆ ಹೇಳಿಕೊಂಡರು. ತಮ್ಮ ಮೊದಲ ಮದುವೆ ಮುರಿದ ಕಾಲದ ನೋವನ್ನು ಅವರು ಆ ಪಾತ್ರಕ್ಕೆ ಕೊಟ್ಟಿದ್ದರು.

ಈ ಕಥೆಯ ಬಗ್ಗೆಯೂ ನೋಡುಗರು ಜಗಳ ಆಡುತ್ತಾರೆ, ಆದರೆ ಅದು ಬೇರೆ ಥರದ ಜಗಳ. ಹ್ಯಾರಿ ಆ ಹುಡುಗಿಯ ಜೊತೆ ನಿಜವಾಗಿ ಸಂಬಂಧ ಇಟ್ಟುಕೊಂಡನಾ, ಅಥವಾ ಸರ ಕೊಟ್ಟಲ್ಲಿಗೇ ನಿಂತನಾ? ಸಿನಿಮಾ ಹೇಳುವುದಿಲ್ಲ. ಚಿತ್ರಕಥೆಯ ಸಂಪಾದಕಿ, ಕರ್ಟಿಸ್‌ರ ಸಂಗಾತಿ ಎಮ್ಮಾ ಫ್ರಾಯ್ಡ್ 2015ರಲ್ಲಿ, ಸಂಬಂಧ ಇದ್ದದ್ದು ಖಂಡಿತ ಅಂತ ಬಹಿರಂಗವಾಗಿಯೇ ಹೇಳಿದರು. ನನಗೆ ಆ ಉತ್ತರ ಬೇಕಿರಲಿಲ್ಲ. ಕ್ಯಾರೆನ್‌ಗೂ ಅದು ಗೊತ್ತಿಲ್ಲ, ಗೊತ್ತಿಲ್ಲದೆಯೇ ಅವಳು ಬಾಳಬೇಕು. ನಾಟಕ ಮುಗಿದ ಮೇಲೆ ಅವಳು ಗಂಡನನ್ನು ಕೇಳುವುದೂ ಅದನ್ನೇ ಅಲ್ವಾ: ಬದುಕು ಇನ್ನು ಮೇಲೆ ಯಾವಾಗಲೂ ಸ್ವಲ್ಪ ಕಡಿಮೆಯೇ ಅಂತ ಗೊತ್ತಿದ್ದೂ ಉಳಿಯಬೇಕಾ? ಕೊನೆಯಲ್ಲಿ ವಿಮಾನ ನಿಲ್ದಾಣದಲ್ಲಿ ಅವರಿಬ್ಬರೂ ಭೇಟಿಯಾಗುವಾಗ ಆ ಬಿಗಿ ಹಾಗೇ ಇದೆ. ಸಿನಿಮಾ ಅದನ್ನು ಸಡಿಲಿಸಲಿಲ್ಲ. ಅದಕ್ಕೇ ಜನ ಅದನ್ನು ನಂಬುತ್ತಾರೆ.

ಇನ್ನೊಂದು ಸೇರಾ ಕಥೆ. ಲಾರಾ ಲಿನ್ನಿ ಮಾಡಿದ ಪಾತ್ರ. ಜೊತೆ ಕೆಲಸ ಮಾಡುವ ಕಾರ್ಲ್‌ನನ್ನು ಎರಡೂವರೆ ವರ್ಷಕ್ಕೂ ಜಾಸ್ತಿ ಕಾಲದಿಂದ ಒಳಗೇ ಪ್ರೀತಿಸುತ್ತಿದ್ದಾಳೆ. ಕೊನೆಗೂ ಅವನು ಮನೆಗೆ ಬಂದ ರಾತ್ರಿ ಫೋನ್ ರಿಂಗಾಗುತ್ತದೆ. ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿರುವ ಅಣ್ಣ ಮೈಕಲ್. ಅವಳು ತೆಗೆಯುತ್ತಾಳೆ. ಮತ್ತೆ ರಿಂಗಾಗುತ್ತದೆ, ಮತ್ತೆ ತೆಗೆಯುತ್ತಾಳೆ. ಅಲ್ಲಿಗೆ ಮುಗಿಯಿತು. ನಿಮ್ಮ ಮಗಳನ್ನು ಈ ಕಥೆಯ ಬಗ್ಗೆ ಕೇಳಿ ನೋಡಿ. ಸಾಮಾನ್ಯವಾಗಿ ಎರಡು ಅಭಿಪ್ರಾಯ ಬರುತ್ತವೆ. ಒಂದು, ಒಂದು ರಾತ್ರಿ ಫೋನ್ ಆಫ್ ಮಾಡಿದ್ದರೆ ಏನಾಗುತ್ತಿತ್ತು? ಇನ್ನೊಂದು, ಆ ಕಾರ್ಲ್‌ಗೆ ಸ್ವಲ್ಪ ಹೊತ್ತು ಕಾಯುವುದಕ್ಕೆ ಏನಾಗಿತ್ತು? ಮನೆಯಲ್ಲಿ ಅಂಥ ಕಾಯಿಲೆಯವರನ್ನು ನೋಡಿಕೊಂಡವರು ಮೊದಲಿನ ಪ್ರಶ್ನೆ ಕೇಳುವುದೇ ಇಲ್ಲ. ಆ ಫೋನನ್ನು ಆಫ್ ಮಾಡಲಾಗುವುದಿಲ್ಲ ಅಂತ ಅವರಿಗೆ ಗೊತ್ತು. ನಮ್ಮ ಕಡೆ ಇಂಥ ಜವಾಬ್ದಾರಿ ಮನೆಯವರ ಮೇಲೇ, ಅದರಲ್ಲೂ ಮನೆಯ ಒಬ್ಬ ಹೆಂಗಸಿನ ಮೇಲೇ ಬೀಳುವುದು ಜಾಸ್ತಿ. ಹಾಗಾಗಿ ಕನ್ನಡದ ನೋಡುಗರು ಸೇರಾಳನ್ನು ಬೇಗ ಗುರುತಿಸುತ್ತಾರೆ. ಹಬ್ಬದ ದಿನ ಅವಳು ಅಣ್ಣನ ಹತ್ತಿರ ಹೋಗಿ ಶಾಲು ಸುತ್ತುವ ದೃಶ್ಯ ಇದೆ. ಅಲ್ಲಿಗೆ ಅವಳ ಕಥೆ ನಿಲ್ಲುತ್ತದೆ. ಎಲ್ಲರೂ ಅಪ್ಪಿಕೊಳ್ಳುವ ಕೊನೆಯ ವಿಮಾನ ನಿಲ್ದಾಣದಲ್ಲಿ ಅವಳು ಇಲ್ಲ. ಇದು ಅನ್ಯಾಯ ಅಂತ ದೂರುವವರಿದ್ದಾರೆ. ನನಗೂ ಪ್ರತಿ ಸಲ ಸಂಕಟ ಆಗುತ್ತದೆ. ಆದರೂ ಅವಳಿಗೆ ಸುಳ್ಳು ಸುಖಾಂತ ಕೊಡದೆ ಇದ್ದದ್ದಕ್ಕೆ ಕರ್ಟಿಸ್‌ಗೆ ಋಣಿ.

ಈಗ ಮಗಳ ಸಿಟ್ಟಿಗೆ ಬರೋಣ.

ಮಾರ್ಕ್, ಅಂದರೆ ಆಂಡ್ರೂ ಲಿಂಕನ್, ತನ್ನ ಆಪ್ತ ಸ್ನೇಹಿತ ಪೀಟರ್‌ನ ಹೆಂಡತಿ ಜೂಲಿಯೆಟ್‌ಳನ್ನು ಪ್ರೀತಿಸುತ್ತಾನೆ. ಹೊಸದಾಗಿ ಮದುವೆಯಾದವರು ಅವರು. ಮಾರ್ಕ್ ಅವಳ ಜೊತೆ ಸರಿಯಾಗಿ ಒಂದು ಮಾತೂ ಆಡಿಲ್ಲ. ಮದುವೆಯ ವೀಡಿಯೋ ತೆಗೆದಿದ್ದಾನೆ, ಅದರಲ್ಲಿ ಇರುವುದು ಬರೀ ಅವಳ ಮುಖ. ಹಬ್ಬದ ಹಿಂದಿನ ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಕ್ರಿಸ್‌ಮಸ್ ಹಾಡು ಹೇಳಲು ಬಂದವರು ಅಂತ ಗಂಡನಿಗೆ ಹೇಳು ಅಂತ ಕಾರ್ಡು ತೋರಿಸುತ್ತಾನೆ. ಗಂಡ ಒಳಗೆ ಟಿವಿ ಮುಂದೆ ಕೂತಿದ್ದಾನೆ. ಒಂದೊಂದೇ ಕಾರ್ಡು ತಿರುವಿ ಪ್ರೀತಿ ಹೇಳಿಕೊಳ್ಳುತ್ತಾನೆ. ಅವಳು ಹಿಂದೆ ಓಡಿ ಬಂದು ಮುತ್ತು ಕೊಟ್ಟು ವಾಪಸ್ ಹೋಗುತ್ತಾಳೆ. 'ಇನ್ನು ಸಾಕು' ಅಂತ ತನಗೆ ತಾನೇ ಹೇಳಿಕೊಂಡು ಅವನು ನಡೆಯುತ್ತಾನೆ.

ಇದನ್ನು ಮೆಚ್ಚುವವರ ಮಾತು ಮೊದಲು ಕೇಳೋಣ. ಅವನು ಏನೂ ಕೇಳಲಿಲ್ಲ. ಏನೂ ಆಸೆ ಇಟ್ಟುಕೊಂಡಿಲ್ಲ ಅಂತಲೇ ಕಾರ್ಡಿನಲ್ಲಿ ಬರೆದಿದ್ದಾನೆ. ಹೇಳಿ ಹಗುರಾದ, ಹೊರಟ. ವರ್ಷಗಟ್ಟಲೆ ಹೇಳಲಾಗದೆ ಉಳಿದ ಪ್ರೀತಿ ಯಾರಿಗಿಲ್ಲ? ಈ ವಾದಕ್ಕೆ ಬಲ ಇದೆ. ಮೂಕಾಭಿನಯದಂಥ ಆ ದೃಶ್ಯವನ್ನು ತೆಗೆದಿರುವ ರೀತಿಯೂ ಚಂದ.

ಆದರೆ ಇಲ್ಲಿ ಬೆಲೆ ತೆರುವವರು ಯಾರು ಅಂತ ನೋಡಿ. ಮಾರ್ಕ್‌ನ ಮನಸ್ಸು ಹಗುರಾಯಿತು. ಭಾರ ಯಾರ ತಲೆಗೆ ಹೋಯಿತು? ಜೂಲಿಯೆಟ್ ಈಗ ಗಂಡನಿಗೆ ಸುಳ್ಳು ಹೇಳಿದ್ದಾಳೆ. ಇನ್ನು ಮುಂದೆ ಈ ಗುಟ್ಟನ್ನು ಅವಳೂ ಹೊರಬೇಕು. ಮಾರ್ಕ್ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅವಳು ಲೆಕ್ಕ ಹಾಕಿ ಮಾತಾಡಬೇಕು. ಪೀಟರ್‌ಗೆ ಏನೂ ಗೊತ್ತಿಲ್ಲ, ಅಂದರೆ ಅವನ ಮನೆಯಲ್ಲಿ ಅವನೇ ಹೊರಗಿನವನಾದ. ಕೊನೆಯ ದೃಶ್ಯದಲ್ಲಿ ಮೂವರೂ ವಿಮಾನ ನಿಲ್ದಾಣದಲ್ಲಿ ನಗುತ್ತಾ ನಿಂತಿದ್ದಾರೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಮಗಳ ಸಿಟ್ಟು ಅದಕ್ಕೆ. ಬಾಗಿಲಲ್ಲಿ ನಿಂತ ಹುಡುಗನ ಬಗ್ಗೆ ಒಬ್ಬ ಹುಡುಗಿ ಇವತ್ತು ಯೋಚಿಸುವುದು "ಪಾಪ, ಎಷ್ಟು ಪ್ರೀತಿ" ಅಂತ ಅಲ್ಲ, "ನಾನು ಈಗ ಏನು ಮಾಡಬೇಕು" ಅಂತ. ಅವಳು ಜೂಲಿಯೆಟ್ ಜಾಗದಲ್ಲಿ ನಿಂತು ನೋಡುತ್ತಿದ್ದಾಳೆ. ಕ್ಯಾಮೆರಾ ಮಾರ್ಕ್ ಜಾಗದಲ್ಲಿ ನಿಂತಿದೆ. ಇಲ್ಲಿ ನಾನು ನಿಮ್ಮ ಮಗಳ ಪರ.

ಇದು ಈಗಿನ ಕಾಲದವರ ಅತಿ ಸೂಕ್ಷ್ಮತೆ ಅನ್ನುವವರಿಗೆ ಒಂದು ಸಂಗತಿ ಹೇಳಬೇಕು. ಸಿನಿಮಾ ತೆಗೆಯುವಾಗಲೇ ಆಂಡ್ರೂ ಲಿಂಕನ್‌ಗೆ ಈ ಅನುಮಾನ ಇತ್ತು. ಹುಡುಗಿಯ ಬೆನ್ನು ಬಿದ್ದು ಕಾಡುವವನ ಹಾಗೆ ಕಾಣುವುದಿಲ್ಲವಾ ಅಂತ ಅವರು ಕರ್ಟಿಸ್‌ರನ್ನು ಮತ್ತೆ ಮತ್ತೆ ಕೇಳಿದ್ದರಂತೆ. ಇಪ್ಪತ್ತು ವರ್ಷ ಆದ ಮೇಲೆ ಕರ್ಟಿಸ್ ಕೂಡ ಆ ದೃಶ್ಯ ಸ್ವಲ್ಪ ವಿಚಿತ್ರವೇ ಅಂತ ಒಪ್ಪಿದರು. ಇನ್ನೊಂದು ವಿಷಯ. ಜೂಲಿಯೆಟ್ ಪಾತ್ರ ಮಾಡಿದ ಕೀರಾ ನೈಟ್ಲಿ ಹುಟ್ಟಿದ್ದು 1985ರ ಮಾರ್ಚಿನಲ್ಲಿ, ಸಿನಿಮಾ ತೆಗೆದದ್ದು 2002ರ ಕೊನೆಯಲ್ಲಿ ಶುರುಮಾಡಿ. ಅಂದರೆ ಆ ಮದುವಣಗಿತ್ತಿಗೆ ಆಗ ಹದಿನೇಳು ವರ್ಷ. ಶಾಲಾ ಹುಡುಗ ಸ್ಯಾಮ್ ಪಾತ್ರ ಮಾಡಿದ ಥಾಮಸ್ ಬ್ರಾಡಿ-ಸಾಂಗ್‌ಸ್ಟರ್‌ಗೂ ಅವರಿಗೂ ವಯಸ್ಸಿನ ಅಂತರ ಬರೀ ಐದು ವರ್ಷ. ಇದು ಗೊತ್ತಾದ ಮೇಲೆ ಎಷ್ಟೋ ನೋಡುಗರಿಗೆ ಆ ಬಾಗಿಲಿನ ದೃಶ್ಯ ಮೊದಲಿನ ಹಾಗೆ ಕಾಣುವುದಿಲ್ಲ.

ನನ್ನ ಮಟ್ಟಿಗೆ ಕಾರ್ಡಿನ ದೃಶ್ಯಕ್ಕಿಂತ ದೊಡ್ಡ ತಪ್ಪು ಬೇರೆ ಕಡೆ ಇದೆ, ಆದರೆ ಜನ ಅದರ ಬಗ್ಗೆ ಮಾತಾಡುವುದು ಕಡಿಮೆ. ಪ್ರಧಾನಿ ಮತ್ತು ನಟಾಲಿ ಕಥೆ. ಹ್ಯೂ ಗ್ರಾಂಟ್ ಪ್ರಧಾನಿ, ಮಾರ್ಟಿನ್ ಮೆಕಚನ್ ಅವರ ಮನೆಯಲ್ಲಿ ಚಹಾ ತರುವ ನಟಾಲಿ. ಇದರ ಬಗ್ಗೆ ಸಾಮಾನ್ಯವಾಗಿ ಬರುವ ದೂರು ಅವಳ ಮೈಕಟ್ಟಿನ ಬಗ್ಗೆ ಮಾಡುವ ತಮಾಷೆಗಳದ್ದು. ಅವಳಿಗಿಂತ ದಪ್ಪ ಯಾರೂ ಇಲ್ಲ ಅನ್ನುವ ಹಾಗೆ ಎಲ್ಲರೂ ಅವಳ ತೊಡೆಯ ಬಗ್ಗೆ ಮಾತಾಡುತ್ತಾರೆ, ಅಪ್ಪನೂ ಸೇರಿ. ನೋಡಿದರೆ ಅವಳು ದಪ್ಪವೇ ಅಲ್ಲ. ಆ ದೂರು ಸರಿ. ಆದರೆ ಇನ್ನೂ ಒಳಗಿನದ್ದನ್ನು ನೋಡಿ. ಅಮೆರಿಕದ ಅಧ್ಯಕ್ಷ ನಟಾಲಿಯ ಮೈಮೇಲೆ ಬೀಳುವ ಹಾಗೆ ನಿಂತಿರುವುದನ್ನು ಪ್ರಧಾನಿ ಕಣ್ಣಾರೆ ನೋಡುತ್ತಾನೆ. ಪತ್ರಿಕಾಗೋಷ್ಠಿಯಲ್ಲಿ ಅಮೆರಿಕಕ್ಕೆ ಎದುರುತ್ತರ ಕೊಟ್ಟು ದೇಶದ ಹೀರೋ ಆಗುತ್ತಾನೆ. ಆಮೇಲೆ? ನಟಾಲಿಯನ್ನು ಆ ಕೆಲಸದಿಂದ ಬೇರೆ ಕಡೆಗೆ ಕಳಿಸಿಬಿಡುತ್ತಾನೆ, ಕಾರಣ ಕೂಡ ಹೇಳದೆ. ಹಬ್ಬಕ್ಕೆ ಅವಳೇ ಕಾರ್ಡು ಬರೆದು ಕ್ಷಮೆ ಕೇಳುತ್ತಾಳೆ. ಮೇಲಿನವನು ಮಾಡಿದ ತಪ್ಪಿಗೆ ಕೆಲಸ ಕಳೆದುಕೊಂಡವಳೂ ಅವಳೇ, ಕ್ಷಮೆ ಕೇಳಿದವಳೂ ಅವಳೇ. ಸಿನಿಮಾ ಇದನ್ನು ಸಿಹಿ ಅಂತ ನಮ್ಮ ಮುಂದೆ ಇಡುತ್ತದೆ. ಆಫೀಸಿನಲ್ಲಿ ಇಂಥದ್ದನ್ನು ಕಂಡ ಯಾವ ಹೆಣ್ಣಿಗೂ ಇದು ಸಿಹಿ ಆಗಲಾರದು. ನನಗೂ ಆಗಿಲ್ಲ.

ಹಾಗಿದ್ದರೂ 2003ರಲ್ಲಿ ಬ್ರಿಟನ್ನಿನ ಜನ ಆ ಪತ್ರಿಕಾಗೋಷ್ಠಿಯನ್ನು ಎದೆಗೆ ಹಚ್ಚಿಕೊಂಡದ್ದಕ್ಕೆ ಕಾರಣ ಇತ್ತು. ಅದೇ ವರ್ಷ ಇರಾಕ್ ಯುದ್ಧ ಶುರುವಾಗಿತ್ತು. ಯುದ್ಧ ಬೇಡ ಅಂತ ಫೆಬ್ರವರಿಯಲ್ಲಿ ಲಂಡನ್ನಿನ ಬೀದಿಗಳು ತುಂಬಿದ್ದವು. ಆಗಿನ ಪ್ರಧಾನಿ ಟೋನಿ ಬ್ಲೇರ್ ಅಮೆರಿಕದ ಬಾಲ ಹಿಡಿದಿದ್ದಾರೆ ಅನ್ನುವ ಸಿಟ್ಟು ಎಲ್ಲೆಲ್ಲೂ ಇತ್ತು. ಬ್ರಿಟನ್ನಿನಲ್ಲಿ ಸಿನಿಮಾ ಬಿಡುಗಡೆಯಾದದ್ದು ನವೆಂಬರ್ 21ಕ್ಕೆ. ಸರ್ಕಾರಿ ಭೇಟಿಗೆ ಲಂಡನ್ನಿಗೆ ಬಂದಿದ್ದ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ವಾಪಸ್ ಹೊರಟದ್ದೂ ಅದೇ ದಿನ. ಹೊರಗೆ ಬೀದಿಯಲ್ಲಿ ಪ್ರತಿಭಟನೆ, ಒಳಗೆ ತೆರೆಯ ಮೇಲೆ ಅಮೆರಿಕಕ್ಕೆ ಎದುರು ನಿಲ್ಲುವ ಪ್ರಧಾನಿ. ನಿಜ ಜೀವನದಲ್ಲಿ ಸಿಗದ್ದು ಸಿನಿಮಾದಲ್ಲಿ ಸಿಕ್ಕಿತು. 2005ರಲ್ಲಿ ಬ್ಲೇರ್ ತಮ್ಮ ಪಕ್ಷದ ಸಮ್ಮೇಳನದಲ್ಲಿ ಈ ಸಿನಿಮಾದ ಹೆಸರೆತ್ತಿಯೇ ಉತ್ತರ ಕೊಟ್ಟರು. ಹಾಗೆ ಮಾಡಬೇಕು ಅಂತ ಆಸೆ ಆಗುತ್ತದೆ, ಆದರೆ ನಿಜ ಜೀವನದಲ್ಲಿ ಮಾರನೇ ದಿನ ಅಂತ ಒಂದಿದೆ, ಸುಲಭದ ಚಪ್ಪಾಳೆಯ ಪರಿಣಾಮವನ್ನು ಎದುರಿಸಬೇಕಾಗುತ್ತದೆ ಅನ್ನುವ ಅರ್ಥದ ಮಾತು. ಬ್ಲೇರ್‌ರ ರಾಜಕೀಯವನ್ನು ಒಪ್ಪದವರೂ ಸಿನಿಮಾದ ಬಗ್ಗೆ ಅವರ ಈ ಮಾತನ್ನು ಒಪ್ಪಬೇಕು. ಮಾರನೇ ದಿನ ಇಲ್ಲದಿರುವುದೇ ಇದರ ಅರ್ಧ ಕಥೆಗಳ ತೊಂದರೆ.

ಉಳಿದವನ್ನು ಬೇಗ ಹೇಳುತ್ತೇನೆ. ಕಾಲಿನ್ ಫರ್ತ್ ಮತ್ತು ಪೋರ್ಚುಗೀಸ್ ಹುಡುಗಿ ಔರೇಲಿಯಾ, ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಪ್ರೀತಿಸುವ ಕಥೆ. ಮಾತೇ ಇಲ್ಲದೆ ಮದುವೆ ಹೇಗೆ ಅಂತ ಕೇಳುವವರಿದ್ದಾರೆ. ನನಗೆ ಅದು ಅಷ್ಟು ಖಾಲಿ ಅನ್ನಿಸುವುದಿಲ್ಲ, ಯಾಕೆಂದರೆ ಅವನು ಕೂತು ಅವಳ ಭಾಷೆ ಕಲಿಯುತ್ತಾನೆ, ಅವಳು ಅವನದ್ದನ್ನು. ಪ್ರೀತಿಗಾಗಿ ಯಾರಾದರೂ ಕಷ್ಟಪಟ್ಟದ್ದನ್ನು ತೋರಿಸುವ ಕಡಿಮೆ ಜಾಗಗಳಲ್ಲಿ ಅದೂ ಒಂದು. ಅಮೆರಿಕಕ್ಕೆ ಹೋಗಿ ಹುಡುಗಿಯರನ್ನು ಗಿಟ್ಟಿಸುವ ಕಾಲಿನ್ ಎಂಬ ಹುಡುಗನ ಕಥೆಯನ್ನು ಬಿಟ್ಟಿದ್ದರೆ ಏನೂ ನಷ್ಟ ಇರಲಿಲ್ಲ. ಹಳೆಯ ಪಾಪ್ ಗಾಯಕ ಬಿಲ್ಲಿ ಮ್ಯಾಕ್ ಆಗಿ ಬಿಲ್ ನೈ ಮಾತ್ರ ಎಲ್ಲರಿಗೂ ಇಷ್ಟ. ಅವರಿಗೆ ಅದಕ್ಕೇ ಬ್ರಿಟನ್ನಿನ ಬಾಫ್ಟಾ ಪೋಷಕ ನಟ ಪ್ರಶಸ್ತಿ ಬಂತು. ದೊಡ್ಡ ಪಾರ್ಟಿ ಬಿಟ್ಟು ತನ್ನ ಹಳೆಯ ಮ್ಯಾನೇಜರ್ ಮನೆಗೆ ಬಂದು, ನನ್ನ ಬದುಕಿನ ಪ್ರೀತಿ ಅಂದರೆ ನೀನೇ ಕಣಯ್ಯಾ ಅನ್ನುವ ಧಾಟಿಯಲ್ಲಿ ತಡವರಿಸುವ ದೃಶ್ಯದಲ್ಲಿ ಸ್ನೇಹದ ಬಗ್ಗೆ ಒಂದು ನಿಜ ಇದೆ.

ಲಿಯಾಮ್ ನೀಸನ್ ಕಥೆಗೆ ಮಾತ್ರ ಕಾಲವೇ ಬೇರೆ ಅರ್ಥ ಕೊಟ್ಟಿತು. ಹೆಂಡತಿ ತೀರಿಹೋಗಿ, ಅವಳ ಮಗನನ್ನು ಒಬ್ಬನೇ ಬೆಳೆಸುವ ಮಲತಂದೆ ಅವರು. 2009ರಲ್ಲಿ ನೀಸನ್ ಅವರ ಪತ್ನಿ, ನಟಿ ನತಾಶಾ ರಿಚರ್ಡ್‌ಸನ್ ನಿಜವಾಗಿಯೂ ಅಪಘಾತದಲ್ಲಿ ತೀರಿಕೊಂಡರು. 2016ರಲ್ಲಿ ಅಲನ್ ರಿಕ್‌ಮನ್ ಹೋದರು. 2017ರಲ್ಲಿ ಧರ್ಮಾರ್ಥ ಕಾರ್ಯಕ್ರಮವೊಂದಕ್ಕೆ ಇದರ ಪುಟ್ಟ ಮುಂದುವರಿದ ಭಾಗ ಮಾಡಿದಾಗ ಎಮ್ಮಾ ಥಾಮ್ಸನ್ ಸೇರಲಿಲ್ಲ. ರಿಕ್‌ಮನ್ ಹೋಗಿ ಹೆಚ್ಚು ದಿನ ಆಗಿರಲಿಲ್ಲ, ನೋವು ಇನ್ನೂ ಹಸಿ ಇತ್ತು. ಪ್ರತಿ ವರ್ಷ ನೋಡುವವರು ನೋಡುವುದು ಬರೀ ಕಥೆಯನ್ನಲ್ಲ. ಹೋದವರನ್ನೂ ನೋಡುತ್ತಾರೆ, ಮೊದಲ ಸಲ ನೋಡಿದಾಗ ತಾವು ಹೇಗಿದ್ದೆವು ಅನ್ನುವುದನ್ನೂ. ಅವರ ಐದು ಸ್ಟಾರುಗಳಲ್ಲಿ ಇದೆಲ್ಲ ಸೇರಿರುತ್ತದೆ. ಅದನ್ನು ಮೋಸ ಅನ್ನಲಾಗದು. ಆದರೆ ಮೊದಲ ಸಲ ನೋಡುವ ಇಪ್ಪತ್ತರ ಹುಡುಗಿಗೆ ಆ ಸ್ಟಾರುಗಳು ದಾರಿ ತೋರಿಸಲಾರವು.

ಕತ್ತರಿಸಿದ ಕಥೆಯ ಬಗ್ಗೆಯೂ ಹೇಳದಿದ್ದರೆ ಈ ಉತ್ತರ ಪೂರ್ತಿ ಆಗುವುದಿಲ್ಲ. ಆನ್ ರೀಡ್ ಮಾಡಿದ ಶಾಲೆಯ ಮುಖ್ಯೋಪಾಧ್ಯಾಯಿನಿ. ಹೊರಗೆ ಬಲು ಬಿಗಿ. ಮನೆಗೆ ಬಂದರೆ ಕಾಯಿಲೆಯಿಂದ ಸಾಯುತ್ತಿರುವ ಸಂಗಾತಿ ಜೆರಾಲ್ಡಿನ್, ಅದು ಫ್ರಾನ್ಸಸ್ ಡಿ ಲಾ ಟೂರ್. ವಯಸ್ಸಾದ ಇಬ್ಬರು ಹೆಂಗಸರ ಕೊನೆಯ ದಿನಗಳ ಪ್ರೀತಿ. ಇದನ್ನು ಚಿತ್ರಿಸಿಯೂ ಆಗಿತ್ತು. ಉದ್ದ ತಗ್ಗಿಸುವಾಗ ಹೋಯಿತು. ಡಿವಿಡಿಯಲ್ಲಿ ತೆಗೆದುಹಾಕಿದ ದೃಶ್ಯಗಳ ಜೊತೆ ಇದೆ. ಅದನ್ನು ನೋಡಿದ ಮೇಲೆ ನನಗೆ ಬೇಸರವೇ ಆಯಿತು. ಅಮೆರಿಕದ ಆ ಹುಡುಗಾಟದ ಕಥೆ ಉಳಿದು, ಇದು ಹೋಗಬೇಕಿತ್ತಾ? ಉಳಿದಿದ್ದರೆ ಸಿನಿಮಾದ ತೂಕ ಬದಲಾಗುತ್ತಿತ್ತು. ಇಂದಿನ ನೋಡುಗರ ಒಂದು ದೊಡ್ಡ ದೂರಿಗೂ, ಇದರಲ್ಲಿ ಗಂಡು ಹೆಣ್ಣಿನ ಪ್ರೀತಿ ಬಿಟ್ಟು ಬೇರೆ ಇಲ್ಲ ಅನ್ನುವುದಕ್ಕೂ, ಸ್ವಲ್ಪ ಉತ್ತರ ಸಿಗುತ್ತಿತ್ತು.

ಕರ್ಟಿಸ್ ಈ ದೂರುಗಳಿಗೆ ಕಿವಿ ಮುಚ್ಚಿಕೊಂಡಿಲ್ಲ ಅನ್ನುವುದು ನನಗೆ ಸಮಾಧಾನದ ವಿಷಯ. 2022ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ, ಸಿನಿಮಾದಲ್ಲಿ ಬೇರೆ ಬೇರೆ ಹಿನ್ನೆಲೆಯ ಜನ ಇಲ್ಲದಿರುವುದು ಈಗ ಕಸಿವಿಸಿ ಮಾಡುತ್ತದೆ ಅಂತ ಹೇಳಿದರು. 2023ರಲ್ಲಿ ಚೆಲ್ಟನಮ್ ಸಾಹಿತ್ಯ ಉತ್ಸವದಲ್ಲಿ ಅವರನ್ನು ವೇದಿಕೆಯ ಮೇಲೆ ಕೂರಿಸಿ ಪ್ರಶ್ನೆ ಕೇಳಿದವರು ಸ್ವಂತ ಮಗಳು ಸ್ಕಾರ್ಲೆಟ್ ಕರ್ಟಿಸ್. ಹೆಂಗಸರ ಮೈಕಟ್ಟಿನ ಬಗೆಗಿನ ತಮಾಷೆಗಳು ತಪ್ಪಾಗಿದ್ದವು ಅಂತ ಅಲ್ಲಿ ಒಪ್ಪಿಕೊಂಡರು. ನಿಮ್ಮ ಮನೆಯ ಸೋಫಾದ ಮೇಲೆ ನಡೆದ ಮಾತು ಸಿನಿಮಾ ಮಾಡಿದವರ ಮನೆಯಲ್ಲೂ ನಡೆದಿದೆ.

ಹಾಗಾದರೆ ಯಾರನ್ನು ನಂಬುವುದು? ಸಿನಿಮಾದ ಹೆಸರು ಮಾತ್ರ ಹೇಳಿ ಹೊಗಳುವ ಅಥವಾ ತೆಗಳುವ ಅಭಿಪ್ರಾಯಗಳನ್ನು ಬಿಟ್ಟುಬಿಡಿ. ಯಾವ ಕಥೆ, ಯಾವ ದೃಶ್ಯ ಅಂತ ಬೆರಳಿಟ್ಟು ಹೇಳುವವರ ಮಾತು ಓದಿ. "ಸೇರಾಗೆ ಅನ್ಯಾಯ ಆಯಿತು" ಅಂತ ಬರೆದವರು ಒಂದೇ ಸ್ಟಾರ್ ಕೊಟ್ಟಿದ್ದರೂ ಅವರು ಸಿನಿಮಾವನ್ನು ನಿಜವಾಗಿ ನೋಡಿದ್ದಾರೆ. ನಿಮ್ಮ ಅಭಿರುಚಿ ಹಳತಾಯಿತಾ ಅಂದಿರಿ. ನೀವು ಅತ್ತದ್ದು ಕ್ಯಾರೆನ್‌ಗಾದರೆ, ಈ ಸಿನಿಮಾದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ ಹಿಡಿದಿದ್ದೀರಿ. ಮಗಳ ಹತ್ತಿರ ಕಾರ್ಡಿನ ದೃಶ್ಯಕ್ಕಾಗಿ ವಾದ ಮಾಡಬೇಡಿ, ಅದನ್ನು ಬಿಟ್ಟುಕೊಡಿ. ಕ್ಯಾರೆನ್ ದೃಶ್ಯವನ್ನು ಮಾತ್ರ ಬಿಟ್ಟುಕೊಡಬೇಡಿ.

ಇನ್ನು ಅತ್ತೆಯವರ ಜೊತೆ ನೋಡುವ ವಿಷಯ. ಬ್ರಿಟನ್ನಿನಲ್ಲಿ ಇದಕ್ಕೆ ಹದಿನೈದು ವರ್ಷ ದಾಟಿದವರಿಗೆ ಮಾತ್ರ ಅನ್ನುವ ಸರ್ಟಿಫಿಕೇಟ್ ಇದೆ. ಮಾರ್ಟಿನ್ ಫ್ರೀಮನ್ ಮತ್ತು ಜೊವಾನಾ ಪೇಜ್ ಇರುವ ಕಥೆಯಲ್ಲಿ ಇಬ್ಬರೂ ಬೇರೆ ನಟರ ಬದಲಿಗೆ ಹಾಸಿಗೆ ದೃಶ್ಯಗಳಲ್ಲಿ ನಿಂತುಕೊಡುವ ಕೆಲಸದವರು. ಮೈಮೇಲೆ ಬಟ್ಟೆ ಇಲ್ಲದೆ, ಟ್ರಾಫಿಕ್ ಬಗ್ಗೆ ಸಂಕೋಚದಿಂದ ಮಾತಾಡಿಕೊಳ್ಳುವ ಮೆದು ಪ್ರೇಮಿಗಳು. ಕಥೆ ಮುಗ್ಧ, ಆದರೆ ದೃಶ್ಯ ಹಾಗಲ್ಲ. ಕೆಲವು ಟಿವಿ ಪ್ರಸಾರಗಳಲ್ಲಿ ಈ ಕಥೆಯನ್ನು ತೆಗೆದೇಬಿಡುತ್ತಾರೆ. ಬಿಲ್ಲಿ ಮ್ಯಾಕ್ ಶುರುವಿನಿಂದಲೇ ಬೈಗುಳ ಉದುರಿಸುತ್ತಾನೆ. ತಂಗಿಯ ಮಕ್ಕಳು ಚಿಕ್ಕವರಾದರೆ ಬೇಡ. ಅತ್ತೆಯವರ ಜೊತೆ ನೋಡುವುದಾದರೆ ರಿಮೋಟ್ ಮಗಳ ಕೈಗೆ ಕೊಡಿ, ಎಲ್ಲಿ ಮುಂದೆ ಓಡಿಸಬೇಕು ಅಂತ ಅವಳಿಗೆ ಈಗ ಗೊತ್ತಿದೆ. ಕ್ಯಾರೆನ್ ಉಡುಗೊರೆ ಬಿಚ್ಚುವಲ್ಲಿಂದ ಶಾಲೆಯ ನಾಟಕದವರೆಗೆ ಮಾತ್ರ ಏನನ್ನೂ ಓಡಿಸಬೇಡಿ. ಅತ್ತೆಯವರು ಏನು ಹೇಳಿದರು ಅಂತ ನನಗೂ ಬರೆಯಿರಿ.